ಐರ್ಲೆಂಡಿನ ಕ್ರಿಸ್‌ಮಸ್ ಸಂತೆ: ಹಬ್ಬಕ್ಕೆ ಮೊದಲೇ ಹೋಗಿ

ಮಗ ಡಬ್ಲಿನ್ನಿನ ಐಟಿ ಕಂಪನಿಯಲ್ಲಿದ್ದಾನೆ, ಇಲ್ಲವೇ ಮಗಳು ಕಾರ್ಕ್‌ನ ಆಸ್ಪತ್ರೆಯಲ್ಲಿ ನರ್ಸ್. ಅವರನ್ನು ನೋಡಲು ಚಳಿಗಾಲದಲ್ಲಿ ಐರ್ಲೆಂಡಿಗೆ ಹೋಗುವ ಅಪ್ಪ ಅಮ್ಮಂದಿರು ಈಗ ನಮ್ಮಲ್ಲಿ ಅಪರೂಪವಲ್ಲ. ‘ಹೇಗೂ ಹೋಗ್ತೀವಲ್ಲ, ಕ್ರಿಸ್‌ಮಸ್ ಹೊತ್ತಿಗೇ ಹೋದ್ರೆ ಆ ಸಂತೆ, ದೀಪಾಲಂಕಾರ ಎಲ್ಲಾ ನೋಡ್ಕೊಂಡು ಬರಬಹುದು’ ಎಂದು ಮಾತಾಡಿಕೊಂಡು, ವಿಮಾನದ ಟಿಕೆಟ್ಟನ್ನು ಮಾತ್ರ ಡಿಸೆಂಬರ್ 23ಕ್ಕೋ 24ಕ್ಕೋ ತೆಗೆಸುತ್ತಾರೆ. ಅಲ್ಲಿಗೆ ಸಂತೆ ಕೈತಪ್ಪಿತು ಎಂದೇ ಲೆಕ್ಕ. ಪ್ರತಿವರ್ಷ ಇದನ್ನು ನೋಡಿ ನೋಡಿ ಈ ಲೇಖನ ಬರೆಯುತ್ತಿದ್ದೇನೆ.

ಹಿನ್ನೆಲೆ ಚುಟುಕಾಗಿ. ಕ್ರಿಸ್‌ಮಸ್ ಸಂತೆಯ ತವರು ಜರ್ಮನಿ, ಆಸ್ಟ್ರಿಯಾ. ಡ್ರೆಸ್ಡೆನ್ ನಗರದ ಸಂತೆ 1434ರಿಂದ ನಡೆದು ಬಂದಿದೆ. ಐರ್ಲೆಂಡಿಗೆ ಇದು ಹೊಸದು. ಗಾಲ್ವೇ ಸಂತೆ ಆರಂಭವಾದದ್ದು 2010ರಲ್ಲಿ, ವಾಟರ್‌ಫರ್ಡ್‌ನ ‘ವಿಂಟರ್‌ವಲ್’ 2012ರಲ್ಲಿ. ಸಂತೆ ಹೊಸದಾದರೂ ಅದು ಕೂಡುವ ಊರುಗಳು ಹಳೆಯವು, ಅನೇಕ ಊರುಗಳ ಬೆನ್ನಿಗೇ ಬೆಟ್ಟಗಳಿವೆ. ಆಲ್ಪ್ಸ್‌ನಂಥ ಹಿಮದ ಶಿಖರಗಳನ್ನು ಎಣಿಸಿಕೊಂಡು ಹೋಗಬೇಡಿ. ಆ ದೇಶದ ಅತಿ ಎತ್ತರದ ಶಿಖರ ಕ್ಯಾರನ್‌ಟೂಹಿಲ್ ಇರುವುದು ಸುಮಾರು 1,038 ಮೀಟರ್; ನಮ್ಮ ಮುಳ್ಳಯ್ಯನಗಿರಿ 1,930. ಊರುಗಳಲ್ಲಿ ಹಿಮ ಬೀಳುವುದೂ ಅಪರೂಪ. ಮಳೆ, ಗಾಳಿ, ಮಂಜು, ಆ ಮಂಜಿನ ನಡುವೆ ಕಾಣುವ ಬೆಟ್ಟದ ಸಾಲು, ಇದು ಅಲ್ಲಿನ ಡಿಸೆಂಬರ್.

ಮೊದಲು ತಾರೀಖು, ಆಮೇಲೆ ಊರು

ನಮ್ಮ ಜಾತ್ರೆಯಲ್ಲಿ ತೇರಿನ ದಿನವೇ ಜನ ಹೆಚ್ಚು, ತೇರು ಮುಗಿದ ಮೇಲೂ ವಾರಗಟ್ಟಲೆ ಬೆಂಡು ಬತ್ತಾಸಿನ ಅಂಗಡಿ ಕದಲುವುದಿಲ್ಲ. ಅಲ್ಲಿ ಇದು ತಿರುಗುಮುರುಗು. ಸಂತೆ ಇರುವುದು ಹಬ್ಬದ ತಯಾರಿಗೆ, ಹಬ್ಬಕ್ಕಲ್ಲ. ನವೆಂಬರ್ ಮಧ್ಯದ ಹೊತ್ತಿಗೆ ಮರದ ಗೂಡಂಗಡಿಗಳು ತಲೆ ಎತ್ತುತ್ತವೆ. ಡಿಸೆಂಬರ್ 22, 23ರ ಹೊತ್ತಿಗೆ ಹೆಚ್ಚಿನ ಕಡೆ ಎಲ್ಲವನ್ನೂ ಬಿಚ್ಚಿ ಲಾರಿಗೆ ಹೇರಿರುತ್ತಾರೆ.

ಅದಾದ ಮೇಲೆ ಏನಾಗುತ್ತದೆ ಎಂಬುದನ್ನು ದಿನದ ಲೆಕ್ಕದಲ್ಲಿ ಹೇಳುತ್ತೇನೆ, ಏಕೆಂದರೆ ಸುಮ್ಮನೆ ಹೇಳಿದರೆ ಯಾರೂ ನಂಬುವುದಿಲ್ಲ. 24ರ ಸಂಜೆಯಾಗುತ್ತಿದ್ದಂತೆ ಅಂಗಡಿಗಳು ಬಾಗಿಲು ಹಾಕುತ್ತವೆ, ರೈಲು ಬಸ್ಸುಗಳು ಬೇಗ ನಿಲ್ಲುತ್ತವೆ. 25ರಂದು ರೈಲಿಲ್ಲ, ಬಸ್ಸಿಲ್ಲ, ಡಬ್ಲಿನ್ನಿನ ಲುವಾಸ್ ಟ್ರಾಮ್ ಇಲ್ಲ. ಡಬ್ಲಿನ್ ವಿಮಾನ ನಿಲ್ದಾಣವೇ ಅಂದು ಮುಚ್ಚಿರುತ್ತದೆ, ವರ್ಷದಲ್ಲಿ ಅದೊಂದೇ ದಿನ. ವಸ್ತುಸಂಗ್ರಹಾಲಯ, ಕೋಟೆ, ಸೂಪರ್‌ಮಾರ್ಕೆಟ್ ಯಾವುದೂ ತೆರೆಯುವುದಿಲ್ಲ. ಹೋಟೆಲ್ಲಿನಲ್ಲಿ ಊಟ ಬೇಕೆಂದರೆ ವಾರಗಳ ಹಿಂದೆಯೇ ಹೇಳಿಟ್ಟಿರಬೇಕು. ಟ್ಯಾಕ್ಸಿ ಸಿಕ್ಕರೆ ನಿಮ್ಮ ಅದೃಷ್ಟ. 26 ಸೇಂಟ್ ಸ್ಟೀಫನ್ಸ್ ಡೇ, ಅದೂ ಸರಕಾರಿ ರಜೆ. ಊರಿಂದೂರಿಗೆ ಹೋಗುವ ಸಾರಿಗೆ ಅಂದೂ ನಂಬುವಂತಿರುವುದಿಲ್ಲ. ಆ ದೇಶದವರು ಮನೆಯೊಳಗೆ, ಮನೆಮಂದಿಯೊಂದಿಗೆ ಕಳೆಯುವ ದಿನಗಳಿವು. ಬೆಂಗಳೂರಿನಿಂದ ಬಂದ ಹಿರಿಯರು ಖಾಲಿ ಬೀದಿಯಲ್ಲಿ, ಮುಚ್ಚಿದ ಅಂಗಡಿಗಳ ಮುಂದೆ ಫೋಟೊ ತೆಗೆಸಿಕೊಂಡು ವಾಪಸಾಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಅಷ್ಟು ದುಡ್ಡು ಹಾಕಿ ಬಂದಿರುತ್ತಾರೆ.

ಹಾಗಾಗಿ ನವೆಂಬರ್ ಕೊನೆಯ ವಾರದಿಂದ ಡಿಸೆಂಬರ್ 18ರ ಒಳಗೆ ಸಂತೆ ನೋಡಿ ಮುಗಿಸುವಂತೆ ಟಿಕೆಟ್ ತೆಗೆಸಿ. ಮಗನಿಗೆ ರಜೆ ಸಿಗುವುದು 24ರಿಂದ ಎಂಬುದು ಎಲ್ಲರೂ ಹೇಳುವ ಕಾರಣ. ರಜೆಯಲ್ಲಿ ಅವನೊಡನೆ ಮನೆಯಲ್ಲಿರಿ. ಸಂತೆಗೆ ಅದಕ್ಕೆ ಮೊದಲಿನ ಒಂದು ವಾರಾಂತ್ಯ ಸಾಕು. ಕೆಲವು ವರ್ಷ ಕೆಲವು ಊರುಗಳಲ್ಲಿ ಹಬ್ಬದ ನಂತರವೂ ಒಂದಷ್ಟು ದಿನ ಸಂತೆ ಮುಂದುವರಿಸುವುದುಂಟು, ಆದರೆ ಅದನ್ನು ನಂಬಿ ವಿಮಾನ ಹತ್ತಬೇಡಿ. ತಾರೀಖು ವರ್ಷ ವರ್ಷ ಬದಲಾಗುತ್ತದೆ. ಸಂತೆ ನಡೆಸುವವರ ಜಾಲತಾಣದಲ್ಲಿ ಆ ವರ್ಷದ ತಾರೀಖನ್ನೇ ನೋಡಬೇಕು. ಹಿಂದಿನ ವರ್ಷದ ಪ್ರವಾಸಿ ವಿಡಿಯೊ ನೋಡಿಕೊಂಡು ಹೊರಟವರು ಬಹಳ ಮಂದಿ.

ಈಗಾಗಲೇ 24ಕ್ಕೆ ಟಿಕೆಟ್ ಆಗಿಹೋಗಿದೆಯೇ? 23ರೊಳಗೆ ಹಾಲು, ತರಕಾರಿ, ಅಕ್ಕಿ ಮನೆಗೆ ತಂದಿಡಲು ಮಕ್ಕಳಿಗೆ ಹೇಳಿ. 25ರಂದು ನಡೆದು ಹೋಗುವಷ್ಟು ಹತ್ತಿರದ ಚರ್ಚ್‌ಗೆ ಹೋಗಿಬನ್ನಿ. ಬೀದಿಯ ದೀಪಗಳು ಸಾಮಾನ್ಯವಾಗಿ ಜನವರಿ 6ರವರೆಗೆ ಉರಿಯುತ್ತವೆ. ಕಾರ್ಕ್, ಕೆರ್ರಿ ಕಡೆಯಲ್ಲಿ ಆ ಜನವರಿ 6ನ್ನು ಹೆಂಗಸರ ಕ್ರಿಸ್‌ಮಸ್ ಎಂದೇ ಆಚರಿಸುತ್ತಾರೆ. ಮನೆಗೆಲಸವನ್ನು ಗಂಡಸರಿಗೆ ಬಿಟ್ಟು ಹೆಂಗಸರು ಗೆಳತಿಯರೊಡನೆ ಹೊರಗೆ ಹೋಗುವ ದಿನ. ಕಾರಿದ್ದರೆ 26ರಂದು ಕೆರ್ರಿಯ ಡಿಂಗಲ್ ಊರಿಗೆ ಹೋಗಬಹುದು. ಹುಲ್ಲಿನ ವೇಷ ತೊಟ್ಟವರು ಡೋಲು, ಕೊಳಲಿನೊಡನೆ ಬೀದಿ ಸುತ್ತುವ ‘ರೆನ್ ಡೇ’ ಮೆರವಣಿಗೆ ಅಂದು ನಡೆಯುತ್ತದೆ. ನನ್ನನ್ನು ಕೇಳಿದರೆ ಎಷ್ಟೋ ಸಂತೆಗಿಂತ ಅದು ಚೆಂದ.

ಯಾವ ಊರು?

ಒಂದು ವಾರದಲ್ಲಿ ಐದು ಊರು ಸುತ್ತುವ ಪಟ್ಟಿ ಮಾಡಬೇಡಿ. ಕೆಳಗಿನ ಮೂರು ದಿಕ್ಕುಗಳಲ್ಲಿ ಒಂದೋ ಎರಡೋ ಸಾಕು.

ಪಶ್ಚಿಮಕ್ಕೆ ಗಾಲ್ವೇ. ಡಬ್ಲಿನ್ನಿನ ಹ್ಯೂಸ್ಟನ್ ನಿಲ್ದಾಣದಿಂದ ರೈಲಿನಲ್ಲಿ ಸುಮಾರು ಎರಡೂವರೆ ಗಂಟೆ. ಇಳಿದು ಹೊರಗೆ ಬಂದರೆ ಎದುರಿಗೇ ಐರ್ ಸ್ಕ್ವೇರ್, ಅಲ್ಲೇ ಸಂತೆ, ದೊಡ್ಡ ಜಯಂಟ್ ವೀಲ್ ಕೂಡ. ಮಂಡಿನೋವಿನ ಹಿರಿಯರನ್ನು ಕರೆದೊಯ್ಯುವವರಿಗೆ ಇದೇ ಸಲೀಸು. ಸಂತೆ ನೋಡಿದ ಮೇಲೆ ಹಳೆಯ ಬೀದಿಗಳಲ್ಲಿ ಇಳಿಯುತ್ತಾ ಹೋದರೆ 1584ರಲ್ಲಿ ಕಟ್ಟಿದ ಸ್ಪ್ಯಾನಿಷ್ ಆರ್ಚ್, ಅದರ ಪಕ್ಕ ನದಿ, ಆಚೆ ಸಮುದ್ರ. ಎರಡು ಕೈಗಳು ಕಿರೀಟವಿಟ್ಟ ಹೃದಯವನ್ನು ಹಿಡಿದಿರುವ ಕ್ಲ್ಯಾಡಾ ಉಂಗುರ ಹುಟ್ಟಿದ್ದು ಇಲ್ಲಿಯೇ. ಸಂತೆಯ ಗೂಡಂಗಡಿಯಲ್ಲಿ ಕೊಳ್ಳಬೇಡಿ, ಊರೊಳಗಿನ ಚಿನ್ನಬೆಳ್ಳಿ ಅಂಗಡಿಯಲ್ಲಿ ಕೊಳ್ಳಿ. ಮರುದಿನ ಕಾನೆಮರಾ ಬೆಟ್ಟಗಳಿಗೆ ಹೋಗುವ ದಿನದ ಬಸ್ ಪ್ರವಾಸ ಸಿಗುತ್ತದೆ.

ಆಗ್ನೇಯಕ್ಕೆ ಕಿಲ್‌ಕೆನಿ, ವಾಟರ್‌ಫರ್ಡ್. ಎರಡೂ ಒಂದೇ ರೈಲು ಮಾರ್ಗದಲ್ಲಿವೆ, ಇದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಬೆಳಗ್ಗೆ ಕಿಲ್‌ಕೆನಿಯಲ್ಲಿ ಇಳಿದು ಕೋಟೆ ನೋಡಿ, ಮಧ್ಯಾಹ್ನದ ರೈಲಿಗೆ ವಾಟರ್‌ಫರ್ಡ್ ಸೇರಿ ರಾತ್ರಿ ಉಳಿಯಬಹುದು. ಕಿಲ್‌ಕೆನಿ ಕೋಟೆಯನ್ನು ಅದರ ಒಡೆಯರು 1967ರಲ್ಲಿ ಬರೀ 50 ಪೌಂಡಿಗೆ ಊರ ಜನರಿಗೆ ಬಿಟ್ಟುಕೊಟ್ಟರು. ಕೋಟೆಯೆದುರಿನ ಹಳೆಯ ಕುದುರೆ ಲಾಯದಲ್ಲಿ ಈಗ ಕರಕುಶಲ ವಸ್ತುಗಳ ಡಿಸೈನ್ ಸೆಂಟರ್ ಇದೆ. ವಾಟರ್‌ಫರ್ಡ್ ಐರ್ಲೆಂಡಿನ ಅತ್ಯಂತ ಹಳೆಯ ನಗರ, 914ರಲ್ಲಿ ವೈಕಿಂಗರು ನೆಲೆಯೂರಿದ ಜಾಗ. ಇಡೀ ಹಳೇ ಪೇಟೆಯೇ ಸಂತೆಯ ಬಯಲಾಗುತ್ತದೆ. ಚಿಕ್ಕ ಮಕ್ಕಳಿದ್ದರೆ ಕಣ್ಣುಮುಚ್ಚಿ ಇದನ್ನೇ ಆರಿಸಿ. ಸಾಂಟಾ ಭೇಟಿಯಂಥವಕ್ಕೆ ಬೇರೆ ಟಿಕೆಟ್ ಬೇಕು, ಅದು ಬೇಗ ಮುಗಿದುಹೋಗುತ್ತದೆ. ಕಾರಿದ್ದವರಿಗೆ ಕೊಮೆರಾ ಬೆಟ್ಟಸಾಲು, ಮಹನ್ ಜಲಪಾತ ಹತ್ತಿರ.

ನೈಋತ್ಯಕ್ಕೆ ಕಿಲಾರ್ನಿ. ಬೆಟ್ಟದೂರು ಎಂದರೆ ಇದೇ. ಆ ಕ್ಯಾರನ್‌ಟೂಹಿಲ್ ಇರುವ ಬೆಟ್ಟಸಾಲು ಊರಿನ ಪಕ್ಕಕ್ಕೇ ನಿಂತಿದೆ. ಡಬ್ಲಿನ್ನಿನಿಂದ ರೈಲಿನಲ್ಲಿ ಮೂರು ಗಂಟೆಗೂ ಹೆಚ್ಚು, ಸಾಮಾನ್ಯವಾಗಿ ಮ್ಯಾಲೊದಲ್ಲಿ ಗಾಡಿ ಬದಲಿಸಬೇಕು. ಅಲ್ಲಿ ಇಳಿಯಲು ಮರೆತರೆ ನೇರ ಕಾರ್ಕ್. ಸಂತೆ ಚಿಕ್ಕದು, ಅಂಗಡಿ ಎಣಿಸಲು ಹೋಗುವವರಿಗೆ ಹಿಡಿಸದು. ಇಲ್ಲಿನ ಸೊಗಸು ಊರಿನದು: ಕುದುರೆಗಾಡಿಗಳು, ಪುಗಿನ್ ವಿನ್ಯಾಸದ ಸೇಂಟ್ ಮೇರಿ ಕೆಥೆಡ್ರಲ್, ಕೆಂಪು ಜಿಂಕೆಗಳ ರಾಷ್ಟ್ರೀಯ ಉದ್ಯಾನ. ಮೆರವಣಿಗೆ ಮುಂತಾದವು ಹೆಚ್ಚಾಗಿ ವಾರಾಂತ್ಯಕ್ಕೆ ಇರುತ್ತವೆ, ಹಾಗಾಗಿ ಶುಕ್ರವಾರ ಸಂಜೆಗೆ ತಲುಪಿ. ಉಳಿದ ಊರುಗಳಿಗಾದರೆ ಮಂಗಳವಾರದಿಂದ ಗುರುವಾರ ಒಳ್ಳೆಯದು. ಡಿಸೆಂಬರಿನ ಶನಿವಾರ ಗಾಲ್ವೇಯಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಲಾಡ್ಜಿನ ಬಾಡಿಗೆಯೂ ಏರಿರುತ್ತದೆ. ಡಿಸೆಂಬರ್ 8ರ ಆಸುಪಾಸಿನಲ್ಲಿ ಡಬ್ಲಿನ್ನಿಗೂ ಹೋಗಬೇಡಿ. ಹಳ್ಳಿಕಡೆಯವರು ಹಬ್ಬದ ಖರೀದಿಗೆ ರಾಜಧಾನಿಗೆ ಬರುವ ಹಳೆಯ ವಾಡಿಕೆಯ ದಿನ ಅದು.

ಬೆಲ್‌ಫಾಸ್ಟ್‌ಗೆ ಹೊರಡುವ ಮೊದಲು ವೀಸಾ ನೋಡಿ

ಸಿಟಿ ಹಾಲ್ ಅಂಗಳದಲ್ಲಿ ನಡೆಯುವ ಬೆಲ್‌ಫಾಸ್ಟ್ ಸಂತೆ ಇಡೀ ದ್ವೀಪದಲ್ಲೇ ಹೆಸರಾದದ್ದು. ಡಬ್ಲಿನ್ನಿನಿಂದ ಎರಡು ಗಂಟೆಯ ದಾರಿ. ದಾರಿಯಲ್ಲಿ ಗೇಟಿಲ್ಲ, ಚೆಕ್‌ಪೋಸ್ಟಿಲ್ಲ. ಫಲಕಗಳಲ್ಲಿ ಕಿಲೋಮೀಟರ್ ಹೋಗಿ ಮೈಲಿ ಬಂದರೆ ದೇಶ ಬದಲಾಯಿತು ಎಂದರ್ಥ. ಉತ್ತರ ಐರ್ಲೆಂಡ್ ಬ್ರಿಟನ್ನಿಗೆ ಸೇರಿದ್ದು, ಭಾರತದ ಪಾಸ್‌ಪೋರ್ಟ್ ಇರುವವರಿಗೆ ಅಲ್ಲಿಗೆ ಬ್ರಿಟನ್ನಿನ ಅನುಮತಿ ಬೇಕು. ‘ಯಾರೂ ಕೇಳಲ್ಲ, ಬನ್ನಿ’ ಎನ್ನುವವರ ಮಾತು ಕೇಳಬೇಡಿ. ಬಸ್ ನಿಲ್ಲಿಸಿ ಕಾಗದ ಕೇಳುವುದು ಆಗಾಗ ನಡೆಯುತ್ತದೆ, ಸಿಕ್ಕಿಬಿದ್ದರೆ ಮುಂದಿನ ವೀಸಾಗಳಿಗೂ ಅದು ಕಂಟಕ.

ಇಲ್ಲೊಂದು ವಿಚಿತ್ರವಿದೆ. ನೀವು ಬೆಂಗಳೂರಿನಲ್ಲಿ ಅರ್ಜಿ ಹಾಕಿ ಪಡೆದ ಐರಿಷ್ ಪ್ರವಾಸಿ ವೀಸಾದ ಮೇಲೆ ‘ಬಿಐವಿಎಸ್’ ಎಂದು ಅಚ್ಚಾಗಿದ್ದರೆ, ಮೊದಲು ಐರ್ಲೆಂಡಿನಲ್ಲಿ ಇಳಿದು ಆಮೇಲೆ ಬೆಲ್‌ಫಾಸ್ಟ್‌ಗೂ ಹೋಗಬಹುದು. ಭಾರತೀಯರಿಗೆ 2015ರಿಂದ ಇರುವ ಸೌಲಭ್ಯವಿದು. ಆದರೆ ಡಬ್ಲಿನ್ನಿನಲ್ಲೇ ಕೆಲಸದಲ್ಲಿರುವ, ಭಾರತದ ಪಾಸ್‌ಪೋರ್ಟಿನ ನಿಮ್ಮ ಮಗನಿಗೆ ಇದು ಅನ್ವಯಿಸುವುದಿಲ್ಲ! ಅವನ ಐರಿಷ್ ನಿವಾಸ ಕಾರ್ಡ್ ಗಡಿಯಾಚೆ ನಡೆಯದು, ಬ್ರಿಟನ್ ವೀಸಾವನ್ನು ಅವನು ಬೇರೆಯಾಗಿಯೇ ತೆಗೆದುಕೊಳ್ಳಬೇಕು. ಅಪ್ಪ ಅಮ್ಮನಿಗೆ ದಾರಿ ತೋರಿಸಲು ಹೋದ ಮಕ್ಕಳೇ ತೊಂದರೆಗೆ ಸಿಲುಕುವುದು ಹೀಗೆ. ಇನ್ನೊಂದು: ಐರ್ಲೆಂಡ್ ಷೆಂಗೆನ್ ಒಕ್ಕೂಟದಲ್ಲಿಲ್ಲ. ಜರ್ಮನಿಯ ಸಂತೆ ನೋಡಿಕೊಂಡು ಅದೇ ವೀಸಾದಲ್ಲಿ ಡಬ್ಲಿನ್ನಿಗೆ ಬರಲಾಗದು. ಐರಿಷ್ ವೀಸಾಕ್ಕೆ ಪ್ರಯಾಣಕ್ಕೆ ಮೂರು ತಿಂಗಳಿರುವಾಗಲೇ ಅರ್ಜಿ ಹಾಕಬಹುದು, ಹಾಕಿಬಿಡಿ.

ದಿನದ ಲೆಕ್ಕ

ಡಿಸೆಂಬರಿನಲ್ಲಿ ಅಲ್ಲಿ ಬೆಳಗಾಗುವುದು ಎಂಟೂವರೆಗೆ, ಸಂಜೆ ನಾಲ್ಕು ದಾಟುತ್ತಿದ್ದಂತೆ ಕತ್ತಲು. ಬೆಟ್ಟ, ಕೋಟೆ, ಜಲಪಾತವನ್ನೆಲ್ಲ ಹತ್ತರಿಂದ ಮೂರರೊಳಗೆ ಮುಗಿಸಿ, ದೀಪ ಹತ್ತಿದ ಮೇಲೆ ಸಂತೆಗೆ ಬನ್ನಿ. ಮಧ್ಯಾಹ್ನ ಸಂತೆ, ಆಮೇಲೆ ಬೆಟ್ಟ ಎಂದು ಹೊರಟರೆ ಎರಡೂ ಕೆಡುತ್ತದೆ. ವಿಕ್ಲೋ ಬೆಟ್ಟದ ಸ್ಯಾಲಿ ಗ್ಯಾಪ್‌ನಂಥ ಎತ್ತರದ ರಸ್ತೆಗಳಲ್ಲಿ ನೀರು ಹೆಪ್ಪುಗಟ್ಟಿರುತ್ತದೆ. ಬಾಡಿಗೆ ಕಾರಿನಲ್ಲಿ, ಅದರಲ್ಲೂ ಕತ್ತಲಲ್ಲಿ, ಅತ್ತ ಹೋಗಲೇಬೇಡಿ. ಕಿಲಾರ್ನಿಯಲ್ಲಾದರೆ ಮಕ್‌ರಾಸ್ ಹೌಸ್, ಟಾರ್ಕ್ ಜಲಪಾತ ಊರಿನಿಂದ ಆರೇಳು ಕಿ.ಮೀ. ಮಾತ್ರ.

ರೈಲಿನ ಟಿಕೆಟ್ಟನ್ನು ಮೊದಲೇ ಆನ್‌ಲೈನಿನಲ್ಲಿ ತೆಗೆದರೆ ಅಗ್ಗ, ಸೀಟೂ ಖಾತ್ರಿ. ಡಬ್ಲಿನ್ ಕ್ಯಾಸಲ್ ಒಳಗೆ ಸಂತೆ ನಡೆಯುವ ವರ್ಷಗಳಲ್ಲಿ ಪ್ರವೇಶ ಉಚಿತವಾದರೂ ಜನ ಹೆಚ್ಚುವ ಹೊತ್ತಿಗೆ ಮುಂಗಡ ಟಿಕೆಟ್ ಕೇಳುತ್ತಾರೆ. ಆ ಸಂತೆ ನಡೆಯುವುದೂ ಕೆಲವೇ ದಿನ.

ಬಟ್ಟೆ: ಕೊಡೆ ಬೇಡ, ಗಾಲ್ವೇಯ ಗಾಳಿಗೆ ಅದು ಮಗುಚಿಕೊಳ್ಳುತ್ತದೆ. ತಲೆ ಮುಚ್ಚುವ ಮಳೆ ಜಾಕೆಟ್, ಕಲ್ಲುಹಾಸಿನ ಮೇಲೆ ಜಾರದ ಬೂಟು ಸಾಕು. ಸೀರೆ ಉಡುವವರು ಒಳಗೆ ಉಣ್ಣೆಯ ಲೆಗ್ಗಿಂಗ್ಸ್ ಹಾಕಿಕೊಳ್ಳಿ.

ಊಟ: ಸಸ್ಯಾಹಾರಿಗಳು ಕೇಳಿ ತಿನ್ನಬೇಕು. ಮಿನ್ಸ್ ಪೈ ಒಳಗಿರುವುದು ಒಣಹಣ್ಣು, ಆದರೆ ಅದಕ್ಕೆ ದನದ ಕೊಬ್ಬು ಸೇರಿಸುವುದುಂಟು. ಪ್ಲಮ್ ಪುಡ್ಡಿಂಗ್‌ಗೂ ಹಾಗೆಯೇ. ಕೆಲವು ಕಡೆ ಆಲೂಗಡ್ಡೆ ಚಿಪ್ಸ್ ಕರಿಯುವುದೂ ಅದರಲ್ಲೇ. ಹಾಟ್ ಚಾಕೊಲೇಟಿನ ಮೇಲೆ ತೇಲಿಬಿಡುವ ಮಾರ್ಷ್‌ಮ್ಯಾಲೊದಲ್ಲಿ ಜೆಲಟಿನ್ ಇರುತ್ತದೆ, ಬೇಡವೆಂದು ಮೊದಲೇ ಹೇಳಿ. ಫಲಾಫೆಲ್ ಆದೀತು, ಕ್ರೇಪ್ ಮೊಟ್ಟೆ ತಿನ್ನುವವರಿಗೆ ಮಾತ್ರ. ಕಾರ್ಡ್ ಬಹುತೇಕ ಎಲ್ಲ ಕಡೆ ನಡೆಯುತ್ತದೆ, ಜೇಬಿನಲ್ಲಿ ಸ್ವಲ್ಪ ಯೂರೊ ಇರಲಿ. ಬೆಲ್‌ಫಾಸ್ಟ್‌ನಲ್ಲಿ ಮಾತ್ರ ಪೌಂಡ್.