ತುಕ್ಕು ಬೇರೆ, ಕಿಲುಬು ಬೇರೆ

ದೇವಾಲಯದ ಜೀರ್ಣೋದ್ಧಾರಕ್ಕೆ ಕೈಹಾಕಿದೊಡನೆ ಮೊದಲು ತೆರೆಯಬೇಕಾದುದು ಉಗ್ರಾಣದ ಬಾಗಿಲು. ಅಲ್ಲಿಂದ ಹೊರಬರುವ ಸಾಮಗ್ರಿಗಳ ಪಟ್ಟಿಯನ್ನು ಬರೆಯುವಾಗ ಕಬ್ಬಿಣದ ಸರಪಳಿ, ಹಿತ್ತಾಳೆಯ ದೀಪಸ್ತಂಭ, ಕಂಚಿನ ಗಂಟೆ, ತಾಮ್ರದ ತಂಬಿಗೆ ಎಲ್ಲಕ್ಕೂ ‘ತುಕ್ಕು ಹಿಡಿದುದು’ ಎಂದು ಒಂದೇ ಮಾತನ್ನು ಬರೆದುಬಿಡುವುದುಂಟು. ಆ ಮಾತು ಪಟ್ಟಿಯಲ್ಲಿ ಬಿದ್ದ ಮೇಲೆ ವಸ್ತುವು ಗುಜರಿಯ ತಕ್ಕಡಿಗೆ ಹೋಗಲು ಹೆಚ್ಚು ದಿನ ಹಿಡಿಯುವುದಿಲ್ಲ. ಆದುದರಿಂದ ಮಾತಿನ ಅರ್ಥವನ್ನು ಮೊದಲೇ ತಿಳಿದಿರುವುದು ಲೇಸು.

ಕನ್ನಡದಲ್ಲಿ ಕಬ್ಬಿಣಕ್ಕೆ ಹಿಡಿಯುವುದು ತುಕ್ಕು. ತಾಮ್ರ, ಹಿತ್ತಾಳೆ, ಕಂಚುಗಳಿಗೆ ಹಿಡಿಯುವುದು ಕಿಲುಬು. ತೆಲುಗಿನಲ್ಲಿ ಇವು ತುಪ್ಪು ಮತ್ತು ಚಿಲುಮು. ನಾರಾಯಣಪೇಟೆ, ಮಖ್ತಲ್, ಗದ್ವಾಲ ಪ್ರಾಂತದ ಎರಡು ಭಾಷೆಯ ಮನೆಗಳಲ್ಲಿ ಈ ನಾಲ್ಕು ಮಾತುಗಳಿಗೂ ಸ್ಥಳವುಂಟು. ನಿಜಾಮರ ಆಳಿಕೆಯ ಉರ್ದುವಿನಿಂದ ಉಳಿದ ‘ಜಂಗು’ ಐದನೆಯದು. ಗದ್ವಾಲ ತಾಲ್ಲೂಕು 1956ರ ನವೆಂಬರ್ 1ರಂದು ಮಹಬೂಬನಗರಕ್ಕೆ ಸೇರುವವರೆಗೆ ರಾಯಚೂರು ಜಿಲ್ಲೆಯಲ್ಲಿಯೇ ಇತ್ತು. ಜಿಲ್ಲೆಯ ಗಡಿ ಸರಿಯಿತೇ ಹೊರತು ಮಾತು ಸರಿಯಲಿಲ್ಲ.

ಕಿಲುಬು, ಚಿಲುಮು ಎಂಬಿವು ಒಡಹುಟ್ಟಿದ ಶಬ್ದಗಳು. ಕಿವಿಗೆ ತೆಲುಗಿನಲ್ಲಿ ಚೆವಿ, ಕೆರೆಗೆ ಚೆರುವು, ಕೈಗೆ ಚೇಯಿ ಎನ್ನುವುದನ್ನು ಪಕ್ಕದಲ್ಲಿಟ್ಟು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಇಕಾರ ಎಕಾರಗಳ ಮುಂದೆ ಕನ್ನಡವು ಉಳಿಸಿಕೊಂಡ ಕಕಾರವು ತೆಲುಗಿನಲ್ಲಿ ಚಕಾರವಾಯಿತು. ತಮಿಳಿನ ಕಳಿಂಬು ಸಹ ಇದೇ ಮನೆತನದ್ದು. ಆದರೆ ತುಪ್ಪು ಎಂಬಲ್ಲಿ ಮಾತ್ರ ಎಚ್ಚರ ಬೇಕು. ನಂದಾದೀಪಕ್ಕೆ ಎರೆಯುವ ನಮ್ಮ ತುಪ್ಪಕ್ಕೂ ಅದಕ್ಕೂ ಸಂಬಂಧವಿಲ್ಲವಷ್ಟೆ!

ಇನ್ನು ವಸ್ತುವಿನ ಗುಣವನ್ನು ನೋಡೋಣ. ಗಾಳಿಯ ಆಮ್ಲಜನಕವೂ ನೀರಿನ ಪಸೆಯೂ ಕೂಡಿ ಕಬ್ಬಿಣವನ್ನು ತುಕ್ಕಾಗಿ ಮಾಡುತ್ತವೆ. ಈ ತುಕ್ಕು ಬಿರುಸಾದ ಹಕ್ಕಳೆ. ಅದರ ಸಂದುಗಳಲ್ಲಿ ಪಸೆ ಇಳಿದು ಒಳಗಿನ ಲೋಹವನ್ನೂ ತಿನ್ನುತ್ತದೆ. ಅಷ್ಟೇ ಅಲ್ಲ, ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಹೆಚ್ಚು ಜಾಗವನ್ನು ಬೇಡುತ್ತದೆ. ಕಲ್ಲಿನೊಳಗೆ ಹುದುಗಿಸಿದ ಕಬ್ಬಿಣದ ಪಟ್ಟಿಯು ಹೀಗೆ ಉಬ್ಬಿ ಕಲ್ಲನ್ನೇ ಸೀಳುತ್ತದೆ. ಗ್ರೀಸ್ ದೇಶದ ಅಥೆನ್ಸ್ ನಗರದ ಪಾರ್ಥೆನಾನ್ ದೇವಾಲಯದಲ್ಲಿ ಪ್ರಾಚೀನ ಶಿಲ್ಪಿಗಳು ಕಬ್ಬಿಣದ ಕೊಂಡಿಗಳ ಸುತ್ತ ಸೀಸವನ್ನು ಎರೆದಿದ್ದರು. 20ನೆಯ ಶತಮಾನದ ಆರಂಭದಲ್ಲಿ ಜೀರ್ಣೋದ್ಧಾರ ಮಾಡಿದವರು ಸೀಸವಿಲ್ಲದೆ ಕಬ್ಬಿಣವನ್ನಿಟ್ಟರು. ಅದು ತುಕ್ಕು ಹಿಡಿದು ಅಮೃತಶಿಲೆ ಬಿರಿಯಿತು. ಅವನ್ನೆಲ್ಲ ಕಿತ್ತು ಟೈಟೇನಿಯಂ ಲೋಹವನ್ನು ಹಾಕುವ ಕಾರ್ಯ ಬಳಿಕ ನಡೆಯಿತು. ಉದ್ಧಾರಕ್ಕೆಂದು ಮಾಡಿದ ಕೆಲಸವೇ ಇನ್ನೊಂದು ಉದ್ಧಾರವನ್ನು ಬೇಡಿತೆಂದಾಯಿತು.

ಕಿಲುಬಿನ ನಡತೆ ಹಾಗಲ್ಲ. ಒಣಗಾಳಿಯಲ್ಲಿ ಬಹುಕಾಲವಿದ್ದ ಕಂಚಿನ ಮೇಲೆ ಕಂದು ಅಥವಾ ಹಸುರು ಬಣ್ಣದ ಗಟ್ಟಿಯಾದ ಪೊರೆ ಕಟ್ಟುತ್ತದೆ. ಅದು ಒಳಗಿನ ಲೋಹಕ್ಕೆ ಬಹುಮಟ್ಟಿಗೆ ಹೊದಿಕೆಯಾಗಿರುತ್ತದೆ. ಅಂತಹ ಹಳೆಯ ಉತ್ಸವಮೂರ್ತಿಯನ್ನು ಹೊಳಪಿಗಾಗಿ ಹುಣಿಸೆಹಣ್ಣು, ಇಟ್ಟಿಗೆಪುಡಿಗಳಿಂದ ವರ್ಷವರ್ಷವೂ ಉಜ್ಜಿದರೆ ಕಣ್ಣು ಮೂಗುಗಳ ಗೆರೆಗಳು ಸವೆದುಹೋಗುತ್ತವೆ. ಭಕ್ತಿಯಿಂದಲೇ ನಡೆಯುವ ಹಾನಿಯಿದು. ಕಿಲುಬಿಗಿಂತ ಉಜ್ಜುವ ಕೈಯೇ ಹೆಚ್ಚು ತಿನ್ನುತ್ತದೆ. ತೇವದಲ್ಲಿ ಉಪ್ಪು ಸೇರಿ, ಚುಕ್ಕೆಚುಕ್ಕೆಯಾಗಿ ತಿಳಿಹಸುರಿನ ಪುಡಿ ಉದುರುತ್ತಿದ್ದರೆ ಮಾತ್ರ ಅದು ರೋಗವೇ ಸರಿ. ಮೂರ್ತಿಯನ್ನು ಒಣಸ್ಥಳದಲ್ಲಿಟ್ಟು ಬಲ್ಲವರಿಗೆ ತೋರಿಸಬೇಕು.

ಅಡುಗೆಯ ಪಾತ್ರೆಯಲ್ಲಿ ಮಾತ್ರ ಕಿಲುಬಿಗೆ ದಯೆ ಸಲ್ಲದು. ಹುಳಿಯು ತಾಮ್ರವನ್ನು ಕರಗಿಸುವುದರಿಂದ ಸಾರು ಕೆಡುತ್ತದೆ, ಉಂಡವರಿಗೆ ವಾಂತಿಯಾಗುತ್ತದೆ. ಹಿತ್ತಾಳೆಯ ಹಂಡೆಗೆ ತವರದ ಕಲಾಯಿ ಹಾಕಿಸುತ್ತಿದ್ದುದು ಇದಕ್ಕಾಗಿಯೇ. ತೀರ್ಥಕ್ಕೆ ತಾಮ್ರವನ್ನು ಒಪ್ಪಿದ ಹಿರಿಯರು ಮೊಸರಿಗೆ ಅದನ್ನು ಒಪ್ಪದೆ ಹೋದುದರಲ್ಲಿಯೂ ಈ ಅನುಭವವಿದ್ದಂತೆ ತೋರುತ್ತದೆ.

‘ಕಿಲುಬು ಕಾಸು’ ಎಂದರೆ ಬೆಲೆಯಿಲ್ಲದ ಕಾಸೆಂದು ರೂಢಿಯಲ್ಲಿದೆ. ಲೆಕ್ಕದ ದೃಷ್ಟಿಯಿಂದ ಇದು ಪೂರ್ಣ ಸತ್ಯವಲ್ಲ. ಪೊರೆಯ ಕೆಳಗೆ ತಾಮ್ರವು ಹಾಗೆಯೇ ಇರುತ್ತದೆ. ಪಟ್ಟಿಯನ್ನು ಬರೆಯುವವರು ಕಬ್ಬಿಣದ ಮುಂದೆ ‘ತುಕ್ಕು’ ಎಂದೂ, ಅದು ಕಲ್ಲಿನಲ್ಲಿ ಹುದುಗಿದ್ದರೆ ‘ತೆಗೆಯತಕ್ಕದ್ದು’ ಎಂದೂ ಬರೆಯಲಿ. ಗಂಟೆ, ದೀಪ, ತಂಬಿಗೆಗಳ ಮುಂದೆ ‘ಕಿಲುಬು’ ಎಂದು ಬರೆದು, ಉಜ್ಜುವ ಮೊದಲೇ ತೂಕವನ್ನು ನಮೂದಿಸಲಿ.