ತುಕ್ಕು ಹಿಡಿಯದ ಉಕ್ಕು ತುಂಡಾಗುವುದು ಹೇಗೆ?

ತುಕ್ಕಿನ ಪಾಠ ಮುಗಿಯುವಾಗ ಒಬ್ಬನಾದರೂ ‘ಸ್ಟೀಲಿಗೆ ತುಕ್ಕು ಹಿಡಿಯೋದಿಲ್ಲ ಸರ್’ ಅಂತಾನೆ. ಅವನಿಗೆ ಹಾಯಿದೋಣಿಯ ಚಿತ್ರ ತೋರಿಸಿ. 2017-18ರಲ್ಲಿ ನೌಕಾಪಡೆಯ ಆರು ಮಹಿಳಾ ಅಧಿಕಾರಿಗಳು ಭೂಮಿ ಸುತ್ತಿಬಂದ ‘ತಾರಿಣಿ’ ಆದರೆ ಒಳ್ಳೆಯದು. ಅದು ಗೋವಾದಲ್ಲೇ ಕಟ್ಟಿದ ದೋಣಿ.

ಹಾಯಿಕಂಬವನ್ನು ಮುಂದೆ, ಹಿಂದೆ, ಎರಡೂ ಪಕ್ಕದಿಂದ ಸ್ಟೀಲಿನ ತಂತಿಹಗ್ಗಗಳು ಎಳೆದು ಹಿಡಿದಿರುತ್ತವೆ. ಸಾಮಾನ್ಯವಾಗಿ ಒಂದು ಹಗ್ಗಕ್ಕೆ 19 ಎಳೆ. ದೋಣಿಯ ಅಗಲ ಕಡಿಮೆ, ಹಾಗಾಗಿ ಪಕ್ಕದ ಹಗ್ಗ ಕಂಬಕ್ಕೆ ತೀರಾ ಸಣ್ಣ ಕೋನದಲ್ಲಿರುತ್ತದೆ. 12° ಅಂತಿಟ್ಟುಕೊಳ್ಳಿ. ಕಂಬದ ತುದಿಯನ್ನು ಗಾಳಿ 100 ಕಿಲೋ ತೂಕದಷ್ಟು ಬಲದಿಂದ ಪಕ್ಕಕ್ಕೆ ತಳ್ಳಿದರೆ ಹಗ್ಗದ ಎಳೆತ 100 ÷ 0.208 (12°ಯ ಸೈನ್), ಅಂದರೆ ಸುಮಾರು 480! ದೋಣಿ ತಿರುಗಿದಾಗ ಬಿಗಿದ ಹಗ್ಗ ಸಡಿಲ, ಸಡಿಲವಿದ್ದದ್ದು ಬಿಗಿ. ಲಕ್ಷಾಂತರ ಸಲ ಹೀಗಾದರೆ ಲೋಹ ದಣಿಯುತ್ತದೆ. ಪೇಪರ್ ಕ್ಲಿಪ್ಪನ್ನು ಹಿಂದಕ್ಕೂ ಮುಂದಕ್ಕೂ ಬಗ್ಗಿಸಿ ಮುರಿಯಲು ಮಕ್ಕಳಿಗೇ ಕೊಡಿ, ಎಷ್ಟನೇ ಸಲಕ್ಕೆ ಮುರಿಯಿತೆಂದು ಎಣಿಸಲಿ.

ಇನ್ನು ತುಕ್ಕು. ಸ್ಟೀಲಿನ ಕ್ರೋಮಿಯಂ ಆಮ್ಲಜನಕದೊಡನೆ ಸೇರಿ ತೆಳುವಾದ ಆಕ್ಸೈಡ್ ಪೊರೆ ಕಟ್ಟುತ್ತದೆ. ಗೀರು ಬಿದ್ದರೂ ಗಾಳಿ ಸಿಕ್ಕಿದರೆ ಪೊರೆ ಮತ್ತೆ ಕೂಡಿಕೊಳ್ಳುತ್ತದೆ. ಆದರೆ ಹಗ್ಗದ ತುದಿಯನ್ನು ಲೋಹದ ನಳಿಗೆಯೊಳಗೆ ತೂರಿಸಿ ಅದುಮಿರುತ್ತಾರಲ್ಲ, ಆ ಸಂದಿಗೆ ಉಪ್ಪುನೀರು ಇಳಿಯುತ್ತದೆ, ಆಮ್ಲಜನಕ ಇಳಿಯುವುದಿಲ್ಲ. ಪೊರೆ ಕೂಡುವುದಿಲ್ಲ, ಕ್ಲೋರೈಡ್ ಒಳಗೇ ಸೇರುತ್ತಾ ಹೋಗುತ್ತದೆ. ಹೊರಗೆ ಹೊಳಪು, ಒಳಗೆ ಟೊಳ್ಳು. ನೀರು ಕೆಳಗೆ ಇಳಿಯುವುದರಿಂದ ಕೆಳತುದಿಯೇ ಹೆಚ್ಚಾಗಿ ಮೊದಲು ಕೆಡುವುದು.

ಪರೀಕ್ಷೆ ಸರಳ. ಹಗ್ಗದ ಮೇಲೆ ಹತ್ತಿಯನ್ನೋ ಟಿಶ್ಯೂ ಕಾಗದವನ್ನೋ ಎಳೆಯಬೇಕು (ಬೆರಳನ್ನಲ್ಲ!), ತುಂಡಾದ ಎಳೆಯಿದ್ದರೆ ಸಿಕ್ಕಿಕೊಳ್ಳುತ್ತದೆ. ನಳಿಗೆಯ ಬಾಯಲ್ಲಿ ಕಂದು ಕಲೆ, ಕೂದಲಿನಂಥ ಬಿರುಕು ಇದೆಯೇ ಎಂದು ಭೂತಗನ್ನಡಿಯಲ್ಲಿ ನೋಡಬೇಕು. ಬಿರುಕು ಕಾಣದಿದ್ದರೆ ಕೆಂಪು ಬಣ್ಣದ್ರವ ಹಚ್ಚಿ, ಒರೆಸಿ, ಬಿಳಿ ಪುಡಿ ಹಾಕುತ್ತಾರೆ. ಬಿರುಕಿನೊಳಗೆ ಉಳಿದ ಬಣ್ಣ ಕೆಂಪು ಗೆರೆಯಾಗಿ ಮೇಲೆ ಬರುತ್ತದೆ. ಒಂದೇ ಎಳೆ ಮುರಿದಿದ್ದರೂ ಆ ಹಗ್ಗ ಬೇಡ. ಒಳಗಿನ ಟೊಳ್ಳು ಕಣ್ಣಿಗೆ ಕಾಣದ್ದರಿಂದ, ಏನೂ ಕಾಣದಿದ್ದರೂ 10-15 ವರ್ಷಕ್ಕೆ ಬದಲಿಸುವುದು ರೂಢಿ. ನನ್ನ ಮಟ್ಟಿಗೆ ಇದು ದುಂದಲ್ಲ.

ಬದಲಿಸುವಾಗ ಎಲ್ಲವನ್ನೂ ಒಟ್ಟಿಗೆ ಬಿಚ್ಚಿದರೆ ಕಂಬ ಬಿದ್ದೀತು. ಹಾಯಿ ಏರಿಸುವ ಹಗ್ಗವನ್ನು ಆ ಬದಿಗೆ ಬಿಗಿದು, ಒಂದೊಂದಾಗಿ ಹಳೆಯದರ ಅಳತೆಗೇ ಹೊಸದು.

ಕಡಲು ದೂರವಿರುವ ಸೊಲ್ಲಾಪುರ, ಆದೋನಿ ಕಡೆಯವರು ಕರೆಂಟು ಕಂಬದ ಸ್ಟೇ ವೈರ್ ತೋರಿಸಿ. ಮುಟ್ಟದೆ, ದೂರದಿಂದಲೇ ಕೋನ ಅಂದಾಜು ಮಾಡಿಸಿ. ಅದೇ 100 ಕಿಲೋ ಬಲಕ್ಕೆ ಅಲ್ಲಿ ಎಳೆತ ಎಷ್ಟು ಬರುತ್ತದೆ? ದೋಣಿಗಿಂತ ಕಡಿಮೆ ಏಕೆ?