‘ತಲೆ ಸಮ ಇಲ್ಲ’ ಎಂದವರ ವಕಾಲತ್ತು

ಕಾರವಾರ, ಅಂಕೋಲಾ ಕೋರ್ಟುಗಳಿಗೆ ಮಾನಸಿಕ ಕಾಯಿಲೆಯ ಪ್ರಕರಣಗಳು ಹೆಚ್ಚಾಗಿ ಬೇರೆ ಹೆಸರಿನಲ್ಲೇ ಬರುತ್ತವೆ: ಹಿಸ್ಸೆ ದಾವೆ, ವಿಚ್ಛೇದನ, ಜೀವನಾಂಶ, ಠಾಣೆಯ ಕಿರಿಕಿರಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ 29ರಂದು ಜಾರಿಗೆ ಬಂತು. ಅದನ್ನು ಹಿಡಿದು ಓಡಾಡಿದ ಅನುಭವದಿಂದ, ಕಿರಿಯ ವಕೀಲರಿಗಾಗಿ ಕೆಲವು ಮಾತು.

1. ಫೀ ಕೊಡುವವನು ಅಣ್ಣ, ಕಕ್ಷಿದಾರ ತಮ್ಮ.
“ವಕೀಲರೇ, ತಮ್ಮನಿಗೆ ತಲೆ ಸಮ ಇಲ್ಲ. ಎಲ್ಲಿ ಬೇಕು ಹೇಳಿ, ಹೆಬ್ಬೆಟ್ಟು ಒತ್ತಿಸುತ್ತೇವೆ” ಎಂದು ಪಹಣಿ ಮುಂದಿಡುತ್ತಾರೆ. ತಮ್ಮ ಹೊರಗೆ ಬೆಂಚಿನ ಮೇಲೆ ಕೂತಿರುತ್ತಾನೆ. ಅವನನ್ನು ಒಳಗೆ ಕರೆಯಿರಿ, ಉಳಿದವರನ್ನು ಚಹಾಕ್ಕೆ ಕಳಿಸಿ. ತೋಟದಲ್ಲಿ ತೆಂಗು ಎಷ್ಟು, ಕಾಯಿ ಕೀಳಿಸುವವರು ಯಾರು, ಈ ಕಾಗದದಲ್ಲಿ ಏನಿದೆ ಅಂತ ಹೇಳಿದರು ಎಂದು ಸಾವಕಾಶ ಕೇಳಿದರೆ ಎಷ್ಟೋ ಜನ ಸರಿಯಾಗಿಯೇ ಉತ್ತರಿಸುತ್ತಾರೆ. ಮನೆಮಾತು ಕೊಂಕಣಿಯಾಗಿದ್ದರೆ ಕೊಂಕಣಿಯಲ್ಲೇ ಕೇಳಿ. ಕನ್ನಡದಲ್ಲಿ ತಡವರಿಸಿದ್ದನ್ನು ‘ಅಸಂಬದ್ಧ ಉತ್ತರ’ ಎಂದು ಬರೆದಿಟ್ಟ ಕಾಗದ ನೋಡಿದ್ದೇನೆ. ಕಾಯಿಲೆ ಇದೆ ಎಂದ ಮಾತ್ರಕ್ಕೆ ಬುದ್ಧಿ ಸ್ವಾಧೀನದಲ್ಲಿಲ್ಲ ಎಂದಾಗದು, ಅದನ್ನು ಸಕ್ಷಮ ನ್ಯಾಯಾಲಯ ಘೋಷಿಸಿರಬೇಕು ಎನ್ನುತ್ತದೆ 3ನೇ ಕಲಂ. ತಮ್ಮನ ಹಿತವೇ ಬೇರೆ ಎಂದು ಕಂಡರೆ ಅಣ್ಣನ ಫೀ ಮುಟ್ಟಬೇಡಿ. 27ನೇ ಕಲಂ ಪ್ರಕಾರ ತಮ್ಮನಿಗೆ ಉಚಿತ ಕಾನೂನು ನೆರವಿನ ಹಕ್ಕಿದೆ.

2. ಛಾಪಾ ಕಾಗದ ಬೇಡ.
ಚಿಕಿತ್ಸೆಯ ವಿಷಯದಲ್ಲಿ ತನ್ನ ಪರವಾಗಿ ಯಾರು ನಿಲ್ಲಬೇಕೆಂದು ಕಾಯಿಲೆ ಇರುವ ವ್ಯಕ್ತಿಯೇ ಬರೆದುಕೊಡಬಹುದು. ಬಿಳಿ ಹಾಳೆ, ಸಹಿ ಅಥವಾ ಹೆಬ್ಬೆಟ್ಟು ಸಾಕು (14ನೇ ಕಲಂ). ಮುದ್ರೆ ಇಲ್ಲದ ಕಾಗದವನ್ನು ನಮ್ಮಲ್ಲಿ ಯಾರೂ ನಂಬುವುದಿಲ್ಲ, ಅದು ಬೇರೆ ಮಾತು.

3. ಸರಪಳಿ ಕಂಡ ಕೂಡಲೇ ದೂರು ಬರೆಯಲು ಕೂರಬೇಡಿ.
ಗಂಗಾವಳಿ ಕಡೆಯ ಒಂದು ಮನೆಯಲ್ಲಿ, ಮಗನ ಕಾಲಿನ ಸರಪಳಿಗೆ ಹಳೆಯ ಸೈಕಲ್ ಟ್ಯೂಬ್ ಸುತ್ತಿತ್ತು. ಗಾಯ ಆಗದಿರಲಿ ಎಂದು ತಾಯಿಯೇ ಸುತ್ತಿದ್ದಳು. ಬೆಳಿಗ್ಗೆ ಮೀನು ಮಾರಲು ಹೋದರೆ ಮಧ್ಯಾಹ್ನದ ತನಕ ಅವನನ್ನು ನೋಡಿಕೊಳ್ಳುವವರಿಲ್ಲ. ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಹೋಗುವುದೆಂದರೆ ಅರಬೈಲ್ ಘಟ್ಟ ಹತ್ತಬೇಕು, ಒಂದು ದಿನದ ವ್ಯಾಪಾರ ಬಿಡಬೇಕು. ಸರಪಳಿ ಯಾವ ರೂಪದಲ್ಲೂ ಕೂಡದು ಎಂದು 95ನೇ ಕಲಂ ಖಡಾಖಂಡಿತವಾಗಿ ಹೇಳುತ್ತದೆ. ಹೇಳಲೇಬೇಕಿತ್ತು: 2001ರ ಆಗಸ್ಟ್ 6ರಂದು ತಮಿಳುನಾಡಿನ ಎರವಾಡಿಯಲ್ಲಿ ಬೆಂಕಿ ಬಿದ್ದಾಗ ಕಟ್ಟಿಹಾಕಿದ್ದ ಮಾನಸಿಕ ರೋಗಿಗಳು ಓಡಲಾಗದೆ ಸತ್ತರು. ಹಾಗೆಂದು ಈ ತಾಯಿಯನ್ನು ಆರೋಪಿ ಮಾಡಿದರೆ ಮಗನಿಗೆ ಊಟ ಹಾಕುವವರೂ ಇರುವುದಿಲ್ಲ. ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಔಷಧ ಶುರು ಮಾಡಿಸಿ, ಆಶಾ ಕಾರ್ಯಕರ್ತೆಯನ್ನು ಜೊತೆಗೆ ಕರೆದುಕೊಳ್ಳಿ. ಮನೆಯವರು ನಿಜಕ್ಕೂ ಹಿಂಸಿಸುತ್ತಿದ್ದರೆ ಮಾತ್ರ 101, 102ನೇ ಕಲಂ. ಆಗ ಮ್ಯಾಜಿಸ್ಟ್ರೇಟರು ಪರೀಕ್ಷೆಗಾಗಿ ಹತ್ತು ದಿನದವರೆಗೆ ದಾಖಲಿಸಲು ಆದೇಶಿಸಬಹುದು.

4. ಶಿರವಾಡದ ರೈಲ್ವೆ ನಿಲ್ದಾಣದಲ್ಲಿ ಇಳಿದು ದಿಕ್ಕಿಲ್ಲದೆ ಅಲೆಯುವವರು ಅಪರಾಧಿಗಳಲ್ಲ.
ಪೊಲೀಸರು ರಕ್ಷಣೆಗೆ ಪಡೆದ 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಒಯ್ಯಬೇಕು, ಲಾಕಪ್ಪಿಗೆ ಹಾಕುವಂತಿಲ್ಲ, ಕಾಣೆಯಾದವರ ಎಫ್‌ಐಆರ್ ದಾಖಲಿಸಿ ಮನೆಯವರನ್ನು ಹುಡುಕಬೇಕು. 100ನೇ ಕಲಂನ ಪ್ರತಿ ಚೀಲದಲ್ಲಿರಲಿ. ವಾದಿಸುವುದಕ್ಕಿಂತ ತೋರಿಸಿದರೆ ಠಾಣೆಯಲ್ಲಿ ಕೆಲಸ ಬೇಗ ಆಗುತ್ತದೆ.

5. ಆತ್ಮಹತ್ಯೆಗೆ ಯತ್ನಿಸಿದವರ ಮನೆಗೆ ‘ಕೇಸು ಹಾಕುತ್ತೇವೆ’ ಎಂಬ ಬೆದರಿಕೆ ಬಂದರೆ 115ನೇ ಕಲಂ ಓದಿ ಹೇಳಿ. ಅಲ್ಲಿಗೆ ಮುಗಿಯುತ್ತದೆ.

6. ವಿಚ್ಛೇದನದಲ್ಲಿ ಕಾಯಿಲೆಯ ಹೆಸರಿಗೆ ಹೆದರಬೇಡಿ.
‘ಸ್ಕಿಜೋಫ್ರೇನಿಯಾ’ ಎಂಬ ಒಂದು ಪದ ಬರೆದ ಚೀಟಿ ತಂದು ಗಂಡನ ಕಡೆಯವರು ಗೆದ್ದಂತೆ ಕೂರುತ್ತಾರೆ. ಹೆಸರು ಸಾಲದು, ಒಟ್ಟಿಗೆ ಬಾಳಲಾಗದಷ್ಟು ತೀವ್ರವೆಂದು ರುಜುವಾಗಬೇಕು ಎಂದು ರಾಮ್ ನಾರಾಯಣ್ ಗುಪ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1988ರಲ್ಲೇ ಹೇಳಿದೆ. ನೀವು ಹೆಂಡತಿಯ ಪರ ಇದ್ದರೆ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 25ನೇ ಕಲಂ ಅಡಿ ಅವಳಿಂದಲೇ ಆಸ್ಪತ್ರೆಗೆ ಅರ್ಜಿ ಕೊಡಿಸಿ, ಅವಳ ದಾಖಲೆ ತರಿಸಿ. ತಪ್ಪದೆ ಮಾತ್ರೆ ತೆಗೆದುಕೊಂಡ ಚೀಟಿಗಳು ತವರಿನ ಟ್ರಂಕಿನಲ್ಲೂ ಇರುತ್ತವೆ. ಅವನ್ನು ತಾರೀಖಿನ ಪ್ರಕಾರ ಜೋಡಿಸಿ, ಅವಳ ಮುಖ್ಯ ವಿಚಾರಣೆಯಲ್ಲೇ ಹಾಜರುಪಡಿಸಿ.